ಕಾರಿನ ಹಳದಿ ದೀಪ: ಕೋಡ್ ಹೇಳುವುದೇನು, ಹೇಳದೆ ಬಿಡುವುದೇನು?

ನಮ್ಮ ಮನೆಯಲ್ಲಿ 2012ನೇ ಮಾಡೆಲ್‌ನ ಒಂದು ಸಣ್ಣ ಪೆಟ್ರೋಲ್ ಕಾರು ಇತ್ತು. ಸವಳಂಗದಿಂದ ಶಿವಮೊಗ್ಗದ ಆಸ್ಪತ್ರೆಗೆ, ನ್ಯಾಮತಿ ಸಂತೆಗೆ, ಹೊಲಕ್ಕೆ ಗೊಬ್ಬರದ ಚೀಲ ಒಯ್ಯಲು, ಎಲ್ಲದಕ್ಕೂ ಅದೇ ಕಾರು. ಈ ವರ್ಷ ಆಪಾಗೆ ನರ್ಸಿಂಗ್ ಸೀಟು ಸಿಕ್ಕಿತು. ಫೀಸು ಕಟ್ಟಲು ಕಾರು ಮಾರುವುದೆಂದು ಅಬ್ಬಾ ತೀರ್ಮಾನಿಸಿದರು. ಕೊಳ್ಳುವವರೂ ಸಿಕ್ಕಿದರು. ಆದರೆ ನೋಡಲು ಬಂದ ದಿನವೇ ಸ್ಪೀಡೋಮೀಟರ್ ಪಕ್ಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಅವರು ಆ ದೀಪವನ್ನು ತೋರಿಸಿ ಮಾತಾಡಿದ್ದಕ್ಕಿಂತ 25,000 ರೂಪಾಯಿ ಕಡಿಮೆ ಕೇಳಿದರು. ಆಪಾಳ ಫೀಸಿನಲ್ಲಿ ಅದು ದೊಡ್ಡ ಭಾಗ.

ಆ ದೀಪ ನಮಗೆ ಹೊಸದಲ್ಲ. ನಾಲ್ಕು ತಿಂಗಳ ಹಿಂದೆಯೂ ಬಂದಿತ್ತು. ಆಗ ಒಂದು ಗ್ಯಾರೇಜಿನಲ್ಲಿ ಕೋಡ್ ನೋಡಿ, "ಆಕ್ಸಿಜನ್ ಸೆನ್ಸರ್ ಹೋಗಿದೆ" ಎಂದು 3,400 ರೂಪಾಯಿಗೆ ಹೊಸದನ್ನು ಹಾಕಿದರು. ಮೂರು ವಾರ ದೀಪ ಬರಲಿಲ್ಲ. ಆಮೇಲೆ ಬಂತು, ಹೋಯಿತು, ಮತ್ತೆ ಬಂತು. ಈ ಬಂದು ಹೋಗುವ ದೋಷವನ್ನು ನಾವು ಹೇಗೆ ಹಿಡಿದೆವು ಎಂಬುದೇ ಈ ಲೇಖನ. ಇದರಲ್ಲಿ ಕೆಲಸಕ್ಕೆ ಬಂದದ್ದು ನಮ್ಮ ದ್ವಿತೀಯ ಪಿಯುಸಿ ಪುಸ್ತಕದ ಎರಡು ಪಾಠಗಳು: ರಸಾಯನಶಾಸ್ತ್ರದ ವಿದ್ಯುತ್ ರಸಾಯನ, ಭೌತಶಾಸ್ತ್ರದ ಪ್ರವಾಹ ವಿದ್ಯುತ್.

ಆಕ್ಸಿಜನ್ ಸೆನ್ಸರ್ ಎಂದರೇನು?

ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಅರೆಬೆಂದ ಇಂಧನ ಹೊಗೆಯಾಗಿ ಹೋಗುತ್ತದೆ, ಮೈಲೇಜು ಬೀಳುತ್ತದೆ. ಗಾಳಿ ಹೆಚ್ಚಾದರೆ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ನೈಟ್ರೋಜನ್ ಆಕ್ಸೈಡುಗಳನ್ನು ಸರಿಯಾಗಿ ಶುದ್ಧ ಮಾಡಲಾರದು. ಆದ್ದರಿಂದ ಹೊಗೆಯಲ್ಲಿ ಆಕ್ಸಿಜನ್ ಉಳಿದಿದೆಯೇ ಇಲ್ಲವೇ ಎಂದು ಎಂಜಿನ್ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಯಾರಾದರೂ ಹೇಳುತ್ತಿರಬೇಕು. ಆ ಕೆಲಸ ಈ ಸೆನ್ಸರಿನದು.

ಇದನ್ನು ಕಾರಿಗೆ ಮೊದಲು ತಂದದ್ದು ಜರ್ಮನಿಯ ಬಾಷ್ ಕಂಪನಿ. ಬೆಂಗಳೂರಿನ ಆಡುಗೋಡಿಯಲ್ಲಿ ಬಹಳ ಕಾಲ ಮೈಕೋ ಎಂಬ ಹೆಸರಿನಲ್ಲಿದ್ದದ್ದು ಇದೇ ಕಂಪನಿಯ ಭಾರತದ ಶಾಖೆ. 1976ರಲ್ಲಿ ಅಮೆರಿಕದಲ್ಲಿ ಮಾರುವ ವೋಲ್ವೊ ಕಾರುಗಳಲ್ಲಿ ಇದು ಮೊದಲು ಬಂತು. ಭಾರತದಲ್ಲಿ 1995ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ನಗರಗಳಲ್ಲಿ ಸೀಸರಹಿತ ಪೆಟ್ರೋಲಿನ ಜೊತೆಗೆ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ಬರೆದಿಡುವ ಒಬಿಡಿ ವ್ಯವಸ್ಥೆಯ ನಿಯಮ 2010ರಲ್ಲಿ ಮೊದಲ ಹಂತವಾಗಿ, 2013ರಲ್ಲಿ ಎರಡನೇ ಹಂತವಾಗಿ ಬಂತು. ನಮ್ಮ ಕಾರಿನಲ್ಲೂ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇತ್ತು.

ಸೆನ್ಸರಿನ ಒಳಗಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು. ಅದಕ್ಕೆ ಸ್ವಲ್ಪ ಇಟ್ರಿಯಾ ಬೆರೆಸಿರುತ್ತಾರೆ. ಚೆನ್ನಾಗಿ ಕಾದಾಗ ಆಕ್ಸಿಜನ್ ಅಯಾನುಗಳು ಇದರೊಳಗೆ ಚಲಿಸುತ್ತವೆ. ಒಂದು ಬದಿಯಲ್ಲಿ ಹೊರಗಿನ ಗಾಳಿ, ಇನ್ನೊಂದು ಬದಿಯಲ್ಲಿ ಎಂಜಿನ್ ಹೊಗೆ. ಎರಡೂ ಕಡೆ ಆಕ್ಸಿಜನ್ ಪ್ರಮಾಣ ಬೇರೆ ಇರುವುದರಿಂದ ವೋಲ್ಟೇಜ್ ಹುಟ್ಟುತ್ತದೆ. ಇದೇ ನಾವು ಓದುವ ಸಾಂದ್ರತಾ ಕೋಶ. ಲೆಕ್ಕ ಹಾಕುವ ಸೂತ್ರವೂ ನೆರ್ನ್ಸ್ಟ್ ಸಮೀಕರಣವೇ. 1920ರ ರಸಾಯನಶಾಸ್ತ್ರ ನೊಬೆಲ್ ಪಡೆದ ವಾಲ್ಟರ್ ನೆರ್ನ್ಸ್ಟ್ ಇದೇ ಜಿರ್ಕೋನಿಯಾ ಮತ್ತು ಇಟ್ರಿಯಾ ಬೆರಕೆಯಿಂದ ಒಂದು ವಿದ್ಯುತ್ ದೀಪವನ್ನೂ ಮಾಡಿದ್ದರು.

ಲೆಕ್ಕ ಮಾಡಿ ನೋಡಿ. ಉಷ್ಣತೆ 700 ಕೆಲ್ವಿನ್ ಎಂದಿಟ್ಟುಕೊಳ್ಳಿ. ಒಂದು ಆಕ್ಸಿಜನ್ ಅಣುವಿಗೆ 4 ಎಲೆಕ್ಟ್ರಾನ್. ಆಗ ಸಮೀಕರಣದ ಮುಂದಿನ ಗುಣಕ ಸುಮಾರು 0.015 ವೋಲ್ಟ್. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ ಶೇ. 21, ಹೊಗೆಯಲ್ಲಿ ಶೇ. 2 ಇದ್ದರೆ ಬರುವುದು ಸುಮಾರು 0.035 ವೋಲ್ಟ್. ಪೆಟ್ರೋಲ್ ಹೆಚ್ಚಾದಾಗ ಹೊಗೆಯಲ್ಲಿ ಆಕ್ಸಿಜನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದರ ಒತ್ತಡ 10ರ ಘಾತ −25 ವಾತಾವರಣ ಎಂದುಕೊಂಡರೆ ಬರುವುದು ಸುಮಾರು 0.84 ವೋಲ್ಟ್. ಕಾರಿನಲ್ಲಿ ಅಳೆದಾಗಲೂ ಹೀಗೆಯೇ, ಗಾಳಿ ಹೆಚ್ಚಿದ್ದಾಗ 0.1 ವೋಲ್ಟ್ ಹತ್ತಿರ, ಪೆಟ್ರೋಲ್ ಹೆಚ್ಚಿದ್ದಾಗ 0.9 ಹತ್ತಿರ. ಇಸಿಯು ಇದನ್ನು ನೋಡಿ ಪೆಟ್ರೋಲನ್ನು ಒಂದಿಷ್ಟು ಕಡಿಮೆ, ಒಂದಿಷ್ಟು ಹೆಚ್ಚು ಮಾಡುತ್ತಲೇ ಇರುತ್ತದೆ.

ಆದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಈ ಪಿಂಗಾಣಿ ಕೆಲಸ ಮಾಡುವುದಿಲ್ಲ. ಹೊಗೆಯ ಬಿಸಿಗೆ ಕಾಯುತ್ತಾ ಕೂತರೆ ತಡವಾಗುತ್ತದೆ ಎಂದು ಒಳಗೆ ಒಂದು ಹೀಟರ್ ಇಟ್ಟಿರುತ್ತಾರೆ. ಆದ್ದರಿಂದ ನಮ್ಮ ಕಾರಿನ ಸೆನ್ಸರಿಗೆ ನಾಲ್ಕು ವೈರು: ಎರಡು ಬಿಳಿ ವೈರು ಹೀಟರಿಗೆ, ಕಪ್ಪು ಸಿಗ್ನಲ್ಲಿಗೆ, ಬೂದು ಬಣ್ಣದ್ದು ಸಿಗ್ನಲ್ಲಿನ ನೆಗೆಟಿವ್.

ಕೋಡ್ ಒಂದು ದೂರು, ತೀರ್ಪಲ್ಲ

ನಮ್ಮ ಕಾರಿನಲ್ಲಿ ಬರುತ್ತಿದ್ದ ಕೋಡ್ ಪಿ0135. ಮೊದಲ ಅಕ್ಷರ ಪಿ ಎಂದರೆ ಎಂಜಿನ್ ಮತ್ತು ಗೇರು ವಿಭಾಗ. 0 ಎಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥದ ಕೋಡ್. 1 ಎಂದರೆ ಇಂಧನ ಮತ್ತು ಗಾಳಿಯ ಅಳತೆ. ಪೂರ್ತಿ ಅರ್ಥ: ಮುಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷ.

"ಸರ್ಕ್ಯೂಟ್" ಎಂಬ ಪದವನ್ನು ಗಮನಿಸಿ. ಹೀಟರ್ ಕೆಟ್ಟಿದೆ ಎಂದು ಕೋಡ್ ಹೇಳುತ್ತಿಲ್ಲ. ಬ್ಯಾಟರಿ, ಫ್ಯೂಸ್, ರಿಲೇ, ವೈರು, ಕನೆಕ್ಟರ್, ಹೀಟರ್, ಮತ್ತೆ ವೈರು, ಇಸಿಯು: ಈ ಸರಪಳಿಯಲ್ಲಿ ಎಲ್ಲೋ ಕರೆಂಟು ಸರಿಯಾಗಿ ಹರಿಯುತ್ತಿಲ್ಲ ಎಂದಷ್ಟೇ ಅದರ ಮಾತು. ಎಂಟು ಜನರ ಸಾಲಿನಲ್ಲಿ ಗಲಾಟೆಯಾಯಿತು ಎಂದು ದೂರು ಬಂದರೆ ಮಧ್ಯದಲ್ಲಿ ನಿಂತವನನ್ನೇ ಹೊರಗೆ ಹಾಕುವುದು ನ್ಯಾಯವೇ? ನಾವು ಸೆನ್ಸರಿಗೆ ಮಾಡಿದ್ದು ಅದನ್ನೇ.

ನನ್ನ ಗೆಳೆಯನೊಬ್ಬ ಸುಲಭದ ದಾರಿ ಹೇಳಿದ. "ಬ್ಲೂಟೂತ್ ರೀಡರ್ ಹಾಕಿ ಕೋಡ್ ಅಳಿಸಿಬಿಡು. ದೀಪ ಆರುತ್ತೆ. ಅವರು ಬಂದಾಗ ತೋರಿಸಿ ಕೊಟ್ಟುಬಿಡಿ." ನಾನು ಅಬ್ಬಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದೀಪ ಆರಿಸಿ ಮಾರಿದ್ರೆ ಆ ಮನುಷ್ಯ ಕತ್ತಲಲ್ಲಿ ಕೊಂಡಂಗೆ ಆಗುತ್ತೆ. ಏನು ಕೆಟ್ಟಿದೆ ಅಂತ ನಮಗೇ ಗೊತ್ತಿಲ್ಲ. ಗೊತ್ತು ಮಾಡ್ಕೊಂಡು ಹೇಳಿ ಮಾರೋಣ" ಎಂದರು. ಕೊಳ್ಳುವವರ ಹತ್ತಿರ ಒಂದು ತಿಂಗಳು ಸಮಯ ಕೇಳಿದರು.

ನೋಟ್‌ಬುಕ್ಕಿನ 19 ದಿನ

ಬಂದು ಹೋಗುವ ದೋಷದ ದೊಡ್ಡ ತೊಂದರೆ ಎಂದರೆ ನಾವು ಹುಡುಕುವಾಗ ಅದು ಇರುವುದಿಲ್ಲ. ಆದ್ದರಿಂದ ಯಾವಾಗ ಬರುತ್ತದೆ ಎಂದು ಮೊದಲು ತಿಳಿಯಬೇಕು. ನಾನು 19 ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ: ಎಲ್ಲಿಗೆ ಹೋದದ್ದು, ಮಳೆಯೋ ಬಿಸಿಲೋ, ರಸ್ತೆ ಹೇಗಿತ್ತು, ಸಂಜೆ ರೀಡರಿನಲ್ಲಿ ಏನು ಕಂಡಿತು.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಇಂಥ ದೋಷ ಒಮ್ಮೆ ಕಂಡ ಕೂಡಲೇ ದೀಪ ಹೊತ್ತುವುದಿಲ್ಲ. ಸಾಮಾನ್ಯವಾಗಿ ಮೊದಲ ಓಡಾಟದಲ್ಲಿ ಕಂಡರೆ ಇಸಿಯು ಅದನ್ನು ಬಾಕಿ ಕೋಡ್ ಎಂದು ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಓಡಾಟದಲ್ಲೂ ಕಂಡರೆ ಮಾತ್ರ ದೀಪ ಹೊತ್ತುತ್ತದೆ. ಆಮೇಲೆ ಮೂರು ಓಡಾಟಗಳಲ್ಲಿ ದೋಷ ಕಾಣದಿದ್ದರೆ ದೀಪ ತಾನೇ ಆರುತ್ತದೆ. ಕೋಡ್ ಮಾತ್ರ ನೆನಪಿನಲ್ಲಿ ಉಳಿದಿರುತ್ತದೆ. ದೀಪ ಬಂದ ದಿನವನ್ನಷ್ಟೇ ನೋಡಿದರೆ ನಾವು ಮೋಸ ಹೋಗುತ್ತೇವೆ. ದೋಷ ಶುರುವಾದದ್ದು ಹಿಂದಿನ ಓಡಾಟದಲ್ಲಿ. ಆದ್ದರಿಂದ ನಾನು ದೀಪ ನೋಡುವುದನ್ನು ಬಿಟ್ಟು, ದಿನವೂ ಸಂಜೆ ಬಾಕಿ ಕೋಡ್ ಇದೆಯೇ ಎಂದು ನೋಡಿದೆ. ಇದ್ದರೆ ಬರೆದುಕೊಂಡು, ಮರುದಿನದ ಲೆಕ್ಕ ಹೊಸದಾಗಿ ಸಿಗಲೆಂದು ಅಳಿಸುತ್ತಿದ್ದೆ. ಅಳಿಸುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳುತ್ತಿದ್ದೆ.

ಲೆಕ್ಕ ಹೀಗೆ ಬಂತು. ಶಿವಮೊಗ್ಗಕ್ಕೆ ಡಾಂಬರು ರಸ್ತೆಯಲ್ಲಿ ಹೋಗಿ ಬಂದ 9 ದಿನ: ಕೋಡ್ ಒಮ್ಮೆಯೂ ಇಲ್ಲ. ಮೆಕ್ಕೆಜೋಳದ ಹೊಲದ ದಾರಿಯಲ್ಲಿ ಹೋದ 7 ದಿನ: 4 ದಿನ ಕೋಡ್. ಕಾರು ಮನೆಯಲ್ಲೇ ನಿಂತ 3 ದಿನ: ಏನೂ ಇಲ್ಲ. ಮಳೆಗೂ ಕೋಡಿಗೂ ಸಂಬಂಧ ಕಾಣಲಿಲ್ಲ.

ಇಸಿಯು ಕೋಡಿನ ಜೊತೆಗೆ ಆ ಕ್ಷಣದ ಅಂಕಿಗಳನ್ನೂ ಹಿಡಿದಿಡುತ್ತದೆ. ಅದನ್ನು ಫ್ರೀಜ್ ಫ್ರೇಮ್ ಎನ್ನುತ್ತಾರೆ. ನಮ್ಮದರಲ್ಲಿ ಕಂಡದ್ದು: ಎಂಜಿನ್ ನೀರಿನ ಉಷ್ಣತೆ 88 ಡಿಗ್ರಿ, ವೇಗ ಗಂಟೆಗೆ 12 ಕಿ.ಮೀ., ಎಂಜಿನ್ ತಿರುಗುವಿಕೆ ನಿಮಿಷಕ್ಕೆ 1,900. ಎಂಜಿನ್ ಬಿಸಿಯಾಗಿದೆ, ಕಾರು ನಿಧಾನ, ಆದರೆ ಎಂಜಿನ್ ಜೋರು. ಅಂದರೆ ಸಣ್ಣ ಗೇರಿನಲ್ಲಿ ಗುಂಡಿಯ ಏರು ಹತ್ತುತ್ತಿದ್ದಾಗ. ಆಗ ಎಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಹಿಂದಕ್ಕೆ ವಾಲುತ್ತದೆ. ಬಾನೆಟ್ ತೆರೆದಿಟ್ಟು ಅಬ್ಬಾ ನಿಂತಲ್ಲೇ ಕ್ಲಚ್ ಸ್ವಲ್ಪ ಬಿಟ್ಟಾಗ ನಾನು ಪಕ್ಕದಲ್ಲಿ ನಿಂತು ಇದನ್ನು ಕಣ್ಣಾರೆ ನೋಡಿದೆ. ಎಂಜಿನ್ ಎರಡು ಬೆರಳಿನಷ್ಟು ವಾಲಿತು, ಸೆನ್ಸರಿನ ಕಡೆ ಹೋಗುವ ವೈರಿನ ಕಟ್ಟು ಬಿಗಿಯಾಯಿತು. ಅನುಮಾನ ವೈರಿನ ಮೇಲೆ ಬಂತು. ಅನುಮಾನ ಅಷ್ಟೇ, ಸಾಕ್ಷಿ ಅಲ್ಲ.

ಪರೀಕ್ಷೆಗಳು, ಒಂದೊಂದಾಗಿ

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಿಂದ ಫಿಸಿಕ್ಸ್ ಸರ್ ಅನುಮತಿ ಪಡೆದು ಒಂದು ಮಲ್ಟಿಮೀಟರ್ ತಂದೆ. ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಶುರು ಮಾಡಿದೆವು.

ಮೊದಲು ಫ್ಯೂಸ್. ಸರಿ ಇತ್ತು. ಫ್ಯೂಸ್ ಸುಟ್ಟಿದ್ದರೆ ದೋಷ ಯಾವಾಗಲೂ ಇರುತ್ತಿತ್ತು, ಬಂದು ಹೋಗುತ್ತಿರಲಿಲ್ಲ.

ಎರಡನೆಯದು ಕನೆಕ್ಟರ್. ಬಿಚ್ಚಿ ನೋಡಿದೆವು. ಪಿನ್ನು ಬಾಗಿರಲಿಲ್ಲ, ಹಸಿರು ಕಿಲುಬು ಇರಲಿಲ್ಲ, ಎಣ್ಣೆ ನುಗ್ಗಿರಲಿಲ್ಲ.

ಮೂರನೆಯದು ಹೀಟರಿನ ರೋಧ. ಎರಡು ಬಿಳಿ ವೈರುಗಳ ನಡುವೆ ಅಳೆದೆ. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗಲೇ 0.3 ಓಮ್ ತೋರಿಸುತ್ತಿತ್ತು, ಅದನ್ನು ಕಳೆದೆ. ಹೊಸ ಸೆನ್ಸರಿನದು 6.1 ಓಮ್. ಆಗ ಅಬ್ಬಾ ಒಳಗೆ ಹೋಗಿ ಹೊಸ ಸೆನ್ಸರಿನ ಡಬ್ಬಿ ತಂದರು. ತೆಗೆದ ಹಳೆಯ ಸೆನ್ಸರನ್ನು ಅದರಲ್ಲೇ ಇಟ್ಟಿದ್ದರು. ಅಳೆದೆ: 6.4 ಓಮ್. ಹಳೆಯ ಹೀಟರ್ ಕೂಡ ಸರಿಯಾಗಿಯೇ ಇತ್ತು! 3,400 ರೂಪಾಯಿ ಸುಮ್ಮನೆ ಹೋಗಿತ್ತು. ಅಬ್ಬಾ ಏನೂ ಹೇಳಲಿಲ್ಲ, ಡಬ್ಬಿಯ ಮುಚ್ಚಳ ಹಾಕಿದರು ಅಷ್ಟೇ.

ನಾಲ್ಕನೆಯದು ವೋಲ್ಟೇಜ್. ಕೀ ಆನ್ ಮಾಡಿ, ಕಾರಿನ ಕಡೆಯ ಕನೆಕ್ಟರಿನಲ್ಲಿ ಹೀಟರಿಗೆ ಬರುವ ಪಿನ್ನು ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ಅಳೆದೆ. 12.4 ವೋಲ್ಟ್. ವೈರನ್ನು ಅಲ್ಲಾಡಿಸಿದೆ, ಎಳೆದೆ. 12.4 ಅಲುಗಲಿಲ್ಲ. ನನ್ನ ಅನುಮಾನ ಸುಳ್ಳಾಯಿತು ಎಂದುಕೊಂಡೆ.

ಮರುದಿನ ಮೀಟರ್ ವಾಪಸು ಕೊಡಲು ಹೋದಾಗ ಸರ್ ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು: "ವೋಲ್ಟೇಜ್ ಇದೆ ಅಂತೀಯ. ನೀನು ಅಳೆದಾಗ ಎಷ್ಟು ಕರೆಂಟ್ ಹರೀತಿತ್ತು?"

ಮೀಟರ್ ನೋಡಲಾರದ್ದನ್ನು ಬಲ್ಬ್ ನೋಡಿತು

ಉತ್ತರ ಪುಸ್ತಕದಲ್ಲೇ ಇದೆ. ಡಿಜಿಟಲ್ ಮಲ್ಟಿಮೀಟರಿನ ಒಳಗಿನ ರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಅದಕ್ಕೆ 12.4 ವೋಲ್ಟ್ ಕೊಟ್ಟರೆ ಹರಿಯುವುದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ವೈರಿನ ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ತುಂಡಾಗಿ, ಒಂದೇ ಎಳೆ ತಾಗಿಯೂ ತಾಗದಂತೆ ನಿಂತು ಆ ಜಾಗದಲ್ಲಿ 8 ಓಮ್ ರೋಧ ಹುಟ್ಟಿದರೂ, ಇಷ್ಟು ಸಣ್ಣ ಕರೆಂಟಿಗೆ ಅಲ್ಲಿ ಕಳೆದುಹೋಗುವ ವೋಲ್ಟೇಜ್ ಲೆಕ್ಕಕ್ಕೇ ಇಲ್ಲ. ಮೀಟರ್ 12.4 ಎಂದೇ ಹೇಳುತ್ತದೆ. ಆದರೆ 6.1 ಓಮಿನ ಹೀಟರ್ ಕೇಳುವುದು ಸುಮಾರು 2 ಆಂಪಿಯರ್. ಆಗ ಅರ್ಧಕ್ಕಿಂತ ಹೆಚ್ಚು ವೋಲ್ಟೇಜ್ ಆ ಮುರಿದ ಜಾಗದಲ್ಲೇ ಕಳೆದುಹೋಗುತ್ತದೆ. ಒಬ್ಬ ನಡೆದು ದಾಟಿದ ಎಂದು ಕಾಲುಸಂಕದ ಮೇಲೆ ಎತ್ತಿನಗಾಡಿ ಹೊಡೆಯಬಹುದೇ?

ಹಾಗಾದರೆ ಹೀಟರಿನಷ್ಟೇ ಕರೆಂಟು ಎಳೆಯುವ ಯಾವುದಾದರೂ ವಸ್ತು ಬೇಕು. ಕಾರಿನ ಇಂಡಿಕೇಟರ್ ಬಲ್ಬ್ 12 ವೋಲ್ಟ್, 21 ವ್ಯಾಟ್. ಭಾಗಿಸಿದರೆ 1.75 ಆಂಪಿಯರ್. ಹೀಟರಿಗೆ ಸರಿಯಾದ ಜೋಡಿ. ಸವಳಂಗ ಸರ್ಕಲ್ಲಿನ ಹತ್ತಿರ ವೈರಿಂಗ್ ಕೆಲಸ ಮಾಡುವ ಚಾಚಾ ಬಳಿ ಹೋಗಿ ಹೋಲ್ಡರ್ ಸಮೇತ ಬಲ್ಬ್ ಕೇಳಿದೆ. ಅವರು ನಕ್ಕು, "ನಾವು ಮೂವತ್ತು ವರ್ಷದಿಂದ ಇದನ್ನೇ ಮಾಡ್ತಿರೋದು ಬೇಟಾ. ಮೀಟರ್ ಸುಳ್ಳು ಹೇಳ್ಬಹುದು, ಬಲ್ಬ್ ಹೇಳಲ್ಲ" ಎಂದರು. ಕೆಲಸ ಮುಗಿಸಿ ಸಂಜೆ ತಾವೂ ಬಂದರು.

ಬಲ್ಬಿನ ಒಂದು ತುದಿ ಹೀಟರಿಗೆ ಬರುವ ಪಿನ್ನಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ. ಹೀಗೆ ಮಾಡಿದರೆ ಇಸಿಯು ಮಧ್ಯೆ ಬರುವುದಿಲ್ಲ, ಅದಕ್ಕೆ ಅಪಾಯವಿಲ್ಲ. ಕೀ ಆನ್ ಮಾಡಿದೆವು. ಬಲ್ಬ್ ಚೆನ್ನಾಗಿ ಉರಿಯಿತು. ಚಾಚಾ ಕನೆಕ್ಟರಿನಿಂದ ಶುರು ಮಾಡಿ ಗೇಣು ಗೇಣು ಬಿಟ್ಟು ವೈರನ್ನು ಮೆಲ್ಲಗೆ ಬಗ್ಗಿಸುತ್ತಾ ಹೋದರು. ಎಂಜಿನ್ನಿಗೆ ಬಿಗಿದ ಕ್ಲಿಪ್ಪಿನ ಹತ್ತಿರ ಬಗ್ಗಿಸಿದಾಗ ಬಲ್ಬ್ ಕೆಂಡದಂತೆ ಕೆಂಪಗಾಯಿತು. ನಾನು ಬಲ್ಬಿನ ಎರಡು ತುದಿಗಳಲ್ಲಿ ಅಳೆದೆ: 4.8 ವೋಲ್ಟ್. ವೈರನ್ನು ಹಾಗೇ ಹಿಡಿದು ಬಲ್ಬ್ ಬಿಚ್ಚಿ ಮತ್ತೆ ಅಳೆದೆ: 12.4! ಅದೇ ಜಾಗ, ಅದೇ ಕ್ಷಣ, ಎರಡು ಉತ್ತರ.

ಟೇಪು ಬಿಡಿಸಿದರೆ ಹೊರಗಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ ಒಂದು ಗೀರೂ ಇಲ್ಲ. ಕತ್ತರಿಸಿ ಸುಲಿದಾಗ ಒಳಗೆ ತಾಮ್ರ ಕಪ್ಪಾಗಿ, ಎಳೆಗಳು ತುಂಡಾಗಿದ್ದವು. ಇಷ್ಟು ವರ್ಷ ಎಂಜಿನ್ ವಾಲಿದಾಗಲೆಲ್ಲ ಅದೇ ಜಾಗದಲ್ಲಿ ಬಗ್ಗಿ ಬಗ್ಗಿ ಎಳೆಗಳು ಒಂದೊಂದಾಗಿ ಮುರಿದಿದ್ದವು. ಸೆನ್ಸರ್ ಬದಲಾಯಿಸುವಾಗ ವೈರು ಅಲುಗಿ ಮುರಿದ ಎಳೆಗಳು ಮೂರು ವಾರ ಚೆನ್ನಾಗಿ ತಾಗಿಕೊಂಡಿದ್ದಿರಬೇಕು. ಹೊಸ ಸೆನ್ಸರಿನಿಂದ ಸರಿಯಾಯಿತು ಎಂದು ಎಲ್ಲರೂ ನಂಬಿದ್ದು ಅದಕ್ಕೇ.

ರಿಪೇರಿ, ಆಮೇಲೆ ಪರೀಕ್ಷೆ

ಕೆಟ್ಟ ನಾಲ್ಕು ಸೆಂಟಿಮೀಟರ್ ಕತ್ತರಿಸಿ, ಅದೇ ದಪ್ಪದ ಹೊಸ ವೈರನ್ನು ಸ್ವಲ್ಪ ಉದ್ದವಾಗಿಯೇ ಸೇರಿಸಿ, ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿದರು. ಎಂಜಿನ್ ವಾಲಿದರೂ ಬಿಗಿಯಾಗದಂತೆ ಸಡಿಲ ಬಿಟ್ಟು ಕ್ಲಿಪ್ ಹಾಕಿದರು. ಸಾಮಾನಿನ ಖರ್ಚು 60 ರೂಪಾಯಿ. ಚಾಚಾ ಕೂಲಿ ಬೇಡವೆಂದರು, ಅಬ್ಬಾ ಬಲವಂತದಿಂದ ಕೊಟ್ಟರು.

ಒಂದು ಎಚ್ಚರಿಕೆ. ಬೆಸುಗೆ ಹಾಕಿದ್ದು ಕಾರಿನ ಕಡೆಯ ವೈರಿಗೆ. ಸೆನ್ಸರಿನಿಂದಲೇ ಹೊರಡುವ ವೈರುಗಳಿಗೆ ಬೆಸುಗೆ ಹಾಕಬಾರದು. ಅನೇಕ ಸೆನ್ಸರುಗಳಲ್ಲಿ ಹೋಲಿಕೆಗೆ ಬೇಕಾದ ಹೊರಗಿನ ಗಾಳಿ ಆ ವೈರಿನ ಎಳೆಗಳ ಸಂದಿಯಿಂದಲೇ ಒಳಗೆ ಹೋಗುತ್ತದೆ. ಬೆಸುಗೆ ಅದನ್ನು ಮುಚ್ಚಿಬಿಡುತ್ತದೆ. ಹಾಗೆಯೇ ಸಿಗ್ನಲ್ ವೈರಿಗೆ ಬಲ್ಬ್ ಹಚ್ಚಬೇಡಿ. ಏರ್‌ಬ್ಯಾಗಿನ ಹಳದಿ ವೈರು ಮುಟ್ಟಬೇಡಿ. ಬಿಸಿ ಸೈಲೆನ್ಸರ್ ಪೈಪು ಮುಟ್ಟಬೇಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ದೊಡ್ಡವರಿಲ್ಲದೆ ಕೆಲಸಕ್ಕೆ ಇಳಿಯಬೇಡಿ.

ಇನ್ನು ಕೋಡ್ ಅಳಿಸಿದೆವು. ಆದರೆ ಇದು ಮುಚ್ಚಿಡಲು ಅಳಿಸಿದ್ದಲ್ಲ, ಪರೀಕ್ಷೆ ಶುರು ಮಾಡಲು. ಅಬ್ಬಾ ಬೇಕೆಂದೇ ಹನ್ನೆರಡು ದಿನ ಹೊಲದ ಆ ಗುಂಡಿ ದಾರಿಯಲ್ಲೇ ಓಡಿಸಿದರು, ನಾನು ಪಕ್ಕದಲ್ಲಿ ಕೂತು ರೀಡರ್ ನೋಡಿದೆ. ಬಾಕಿ ಕೋಡ್ ಒಮ್ಮೆಯೂ ಬರಲಿಲ್ಲ. ಮುಂದಿನ ಸೆನ್ಸರಿನ ವೋಲ್ಟೇಜ್ 0.1ರಿಂದ 0.9ರ ನಡುವೆ ಚುರುಕಾಗಿ ಏರಿಳಿಯುತ್ತಿತ್ತು. ಲೀಟರಿಗೆ 14 ಕಿ.ಮೀ.ಗೆ ಇಳಿದಿದ್ದ ಮೈಲೇಜು 16 ದಾಟಿತು.

ಹಳೆಯ ಕಾರು ಕೊಳ್ಳುವವರಿಗೆ ಒಂದು ಮಾತು. ಕೋಡ್ ಅಳಿಸಿದಾಗ ಇಸಿಯು ತನ್ನ ಸ್ವಯಂ ಪರೀಕ್ಷೆಗಳ ಫಲಿತಾಂಶವನ್ನೂ ಮರೆಯುತ್ತದೆ. ರೀಡರಿನಲ್ಲಿ ರೆಡಿನೆಸ್ ಎಂಬ ಪುಟದಲ್ಲಿ ಹಲವು ಪರೀಕ್ಷೆಗಳು "ಅಪೂರ್ಣ" ಎಂದಿದ್ದರೆ, ಯಾರೋ ಇತ್ತೀಚೆಗೆ ಕೋಡ್ ಅಳಿಸಿರಬಹುದು ಅಥವಾ ಬ್ಯಾಟರಿ ಬಿಚ್ಚಿರಬಹುದು. ಆಗ ಕೇಳಿ ತಿಳಿದುಕೊಳ್ಳಿ.

ಕೊಳ್ಳುವವರು ಮತ್ತೆ ಬಂದರು. ಅಬ್ಬಾ ಎಲ್ಲವನ್ನೂ ಹೇಳಿದರು, ನನ್ನ ನೋಟ್‌ಬುಕ್ ತೋರಿಸಿದರು, ಬೆಸುಗೆ ಹಾಕಿದ ಜಾಗವನ್ನೂ ತೋರಿಸಿದರು. ಅವರು 25,000ದ ಬದಲು 5,000 ಕಡಿಮೆ ಮಾಡಿ ಒಪ್ಪಿದರು. ಹಳೆಯ ಸೆನ್ಸರ್ ಸ್ಪೇರ್ ಆಗಿ ಡಬ್ಬಿಯ ಸಮೇತ ಅವರ ಜೊತೆಗೇ ಹೋಯಿತು. ಆಪಾಳ ಮೊದಲ ಕಂತು ಕಟ್ಟಿದ್ದಾಯಿತು. ಕಾರಿಗೂ ಒಂದು ಪಿಯುಸಿ ಸರ್ಟಿಫಿಕೇಟ್ ಬೇಕು, ಹೊಗೆ ಪರೀಕ್ಷೆಯದು. ಅದು ನನಗಿಂತ ಮೊದಲೇ ಪಾಸಾಯಿತು ಎಂದು ಅಮ್ಮಿ ಈಗಲೂ ತಮಾಷೆ ಮಾಡುತ್ತಾರೆ.

ಮಲ್ಟಿಮೀಟರ್ ಪ್ರಯೋಗಾಲಯಕ್ಕೆ ವಾಪಸು ಹೋಗಿದೆ. ಜೊತೆಗೆ ಚಾಚಾ ಕೊಟ್ಟ ಆ 21 ವ್ಯಾಟಿನ ಬಲ್ಬನ್ನೂ ಇಟ್ಟಿದ್ದೇನೆ. ಪ್ರವಾಹ ವಿದ್ಯುತ್ ಪಾಠ ಬಂದಾಗ ಕೇಳಿ ಪಡೆಯಿರಿ.

— ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜ್ಞಾನ ವಿಭಾಗ